ಬಾಳಿನ ನಿಲುವನ್ನು ಬರೆದಿಡುವುದು

ತನ್ನ ಜೀವನದರ್ಶನವೇನೆಂಬ ಜಿಜ್ಞಾಸೆಯು ವಿಚಾರಶೀಲನಾದ ಪ್ರತಿಯೊಬ್ಬನಿಗೂ ಒಂದಲ್ಲ ಒಂದು ವಯಸ್ಸಿನಲ್ಲಿ ಉಂಟಾಗುತ್ತದೆ. ಅದನ್ನು ಬರೆದಿಡಲು ಕುಳಿತವನಿಗೆ ಎದುರಾಗುವ ಮೊದಲ ವಿಘ್ನವೆಂದರೆ ಸ್ವಂತಿಕೆಯ ಹಂಬಲ. ಯಾರೂ ಹೇಳದಿದ್ದುದನ್ನು ಹೇಳಬೇಕೆಂಬ ಆಸೆಯಿಂದ ಲೇಖನಿಯು ನಿಂತುಬಿಡುತ್ತದೆ. ಇಲ್ಲವೇ ಹಾಳೆಯು ಸುಭಾಷಿತಗಳ ಸಂಗ್ರಹವಾಗಿಬಿಡುತ್ತದೆ.

ಈ ವಿಷಯದಲ್ಲಿ ರೋಮ್ ಸಾಮ್ರಾಟ ಮಾರ್ಕಸ್ ಆರೇಲಿಯಸನ (ಕ್ರಿ.ಶ. 121-180) ಸ್ವಂತ ಟಿಪ್ಪಣಿಗಳು ಪರಿಶೀಲನಾರ್ಹವಾಗಿವೆ. ಇವುಗಳಲ್ಲಿ ಕೆಲವನ್ನಾದರೂ ಅವನು ಡ್ಯಾನ್ಯೂಬ್ ಗಡಿಯ ಯುದ್ಧಶಿಬಿರಗಳಲ್ಲಿ ಬರೆದನು. ಹನ್ನೆರಡು ಭಾಗಗಳುಳ್ಳ ಈ ಕೃತಿಯ ಮೊದಲ ಭಾಗದಲ್ಲಿ ಸಿದ್ಧಾಂತ ಪ್ರತಿಪಾದನೆಯೇ ಇಲ್ಲ. ಅದು ಕೇವಲ ಋಣಪತ್ರ. ಅಜ್ಜನಿಂದ ಶಾಂತಸ್ವಭಾವ, ತಾಯಿಯಿಂದ ದೈವಭಕ್ತಿ, ದಾನಬುದ್ಧಿ ಹಾಗೂ ಸರಳವಾದ ಊಟ, ಗುರು ರಸ್ಟಿಕಸನಿಂದ ಎಪಿಕ್ಟೀಟಸನ ಉಪದೇಶಗಳ ಪರಿಚಯ - ಹೀಗೆ ಯಾರಿಂದ ಏನು ಬಂದಿತೆಂದು ಒಬ್ಬೊಬ್ಬರನ್ನೇ ಸ್ಮರಿಸುತ್ತಾನೆ. ದತ್ತುತಂದೆಯಾದ ಆಂಟೊನಿನಸ್ ಪಯಸನನ್ನು ಕುರಿತ ಸ್ಮರಣೆಯಂತೂ ಸುದೀರ್ಘವಾದುದು. ಎಪಿಕ್ಟೀಟಸನು ಒಂದು ಕಾಲದಲ್ಲಿ ಗುಲಾಮನಾಗಿದ್ದವನು! ಅವನ ಉಪದೇಶವನ್ನು ಸ್ವೀಕರಿಸಲು ಚಕ್ರವರ್ತಿಗೆ ಕಿಂಚಿತ್ತೂ ಸಂಕೋಚವಾಗಲಿಲ್ಲ.

ಜೀವನದರ್ಶನವನ್ನು ಬರೆಯಲು ಇದಕ್ಕಿಂತ ಪ್ರಾಮಾಣಿಕವಾದ ಆರಂಭವು ನಮಗೆ ತೋರುವುದಿಲ್ಲ. ನಮ್ಮ ನಿಲುವುಗಳಲ್ಲಿ ಬಹುಪಾಲು ಪಿತ್ರಾರ್ಜಿತ, ಗುರುದತ್ತ. ಯಾವುದು ಯಾರದೆಂದು ಬೇರ್ಪಡಿಸಿ ಬರೆದಾಗ ಮಾತ್ರ, ಯಾವುದನ್ನು ನಾವು ನಿಜವಾಗಿ ನಂಬಿದ್ದೇವೆ, ಯಾವುದನ್ನು ಕೇವಲ ಅಭ್ಯಾಸಬಲದಿಂದ ಉಚ್ಚರಿಸುತ್ತಿದ್ದೇವೆ ಎಂಬುದು ಗೋಚರಿಸೀತು.

ಮುಂದಿನ ಭಾಗಗಳಲ್ಲಿಯೂ ಹೊಸ ತತ್ತ್ವಗಳು ವಿರಳ. ಸ್ಟೋಯಿಕ್ ಪಂಥದ ಹಳೆಯ ಮಾತುಗಳನ್ನೇ ಅವನು ಮತ್ತೆ ಮತ್ತೆ ಬರೆದುಕೊಳ್ಳುತ್ತಾನೆ. ಐದನೆಯ ಭಾಗದ ಆರಂಭದಲ್ಲಿ ಮುಂಜಾನೆ ಹಾಸಿಗೆ ಬಿಟ್ಟೇಳಲು ಒಲ್ಲದ ತನ್ನ ಮನಸ್ಸಿನೊಡನೆ ವಾದಕ್ಕೆ ನಿಲ್ಲುತ್ತಾನೆ. ಪುನರುಕ್ತಿಯು ಗ್ರಂಥಕ್ಕೆ ದೋಷವಾದರೂ ಸಾಧಕನಿಗೆ ದೋಷವಲ್ಲ. ನಿನ್ನೆ ಗೆದ್ದ ಆಲಸ್ಯವು ಇಂದು ಮತ್ತೆ ಬಂದು ಕುಳಿತಿರುತ್ತದೆಯಲ್ಲವೇ?

ರೋಮನ್ನನಾದ ಅವನು ಬರೆದದ್ದು ಗ್ರೀಕ್ ಭಾಷೆಯಲ್ಲಿ. ತತ್ತ್ವವನ್ನು ಕಲಿತ ಭಾಷೆ ಅದು. ಪರಪ್ರಾಂತದ ನಗರಗಳಲ್ಲಿ ನೆಲೆಸಿ, ಕಚೇರಿಯಲ್ಲಿ ಒಂದು, ಬೀದಿಯಲ್ಲಿ ಇನ್ನೊಂದು ನುಡಿಯನ್ನಾಡುವ ನಮ್ಮ ವಾಚಕರಿಗೂ ಇದು ವಿಚಾರಣೀಯ. ಯಾವ ಭಾಷೆಯಲ್ಲಿ ನಮಗೆ ನಾವೇ ಸುಳ್ಳು ಹೇಳಿಕೊಳ್ಳುವುದು ಕಷ್ಟವೋ ಆ ಭಾಷೆಯಲ್ಲಿಯೇ ಬರೆಯುವುದು ಲೇಸು.

ಇಷ್ಟೆಲ್ಲ ಬರೆದವನ ಪುತ್ರನಾದ ಕೊಮೊಡಸನು 180ರಲ್ಲಿ ಏಕಾಧಿಪತಿಯಾಗಿ ದುರಾಡಳಿತಕ್ಕೆ ಕುಖ್ಯಾತನಾದನಲ್ಲ, ಆ ಬರಹದಿಂದ ಫಲವೇನು ಎಂದು ಕೇಳುವವರುಂಟು. ಆಕ್ಷೇಪವು ಲಘುವಾದುದಲ್ಲ. ಆದರೆ ಆ ಟಿಪ್ಪಣಿಗಳಲ್ಲಿ ‘ನೀನು’ ಎಂದು ಅವನು ಗದರಿಸುತ್ತಿರುವುದು ಮಗನನ್ನಲ್ಲ, ತನ್ನನ್ನೇ.