ಚಿಕ್ಕಮ್ಮ ಮತ್ತು ‘ತ್ರೀ ಪೆಗ್’

ನಾನು ಕುಡಿಯುವುದಿಲ್ಲ. ಅದೊಂದು ಸಾಧನೆ ಅಂತ ಹೇಳ್ತಿಲ್ಲ. ಚಿಕ್ಕಪ್ಪನನ್ನು ನೋಡಿ ಬೆಳೆದವನಿಗೆ ಅದು ಕಷ್ಟ ಅನಿಸಲಿಲ್ಲ, ಅಷ್ಟೆ. ಹಾಗಾಗಿ ಚಂದನ್ ಶೆಟ್ಟಿಯವರ ‘ತ್ರೀ ಪೆಗ್’ ಬೆಂಗಳೂರಿನ ಆಫೀಸ್ ಪಾರ್ಟಿಗಳಲ್ಲಿ, ಟೀಮ್ ಔಟಿಂಗಿನ ಬಸ್ಸಿನಲ್ಲಿ ಎಲ್ಲರನ್ನೂ ಕುಣಿಸತೊಡಗಿದಾಗ ನನ್ನ ತಕರಾರು ರೆಡಿ ಇತ್ತು. ಕುಡಿತದಿಂದ ಮನೆ ಮುರಿದದ್ದನ್ನು ಕಂಡವರು ಇದಕ್ಕೆ ಹೇಗೆ ಕುಣಿಯುತ್ತಾರೆ? ಕ್ಯಾಂಟೀನಿನಲ್ಲಿ ಈ ಬಗ್ಗೆ ಭಾಷಣ ಮಾಡಿದ್ದೂ ಉಂಟು. 2018ರ ಜನವರಿಯಲ್ಲಿ ಅವರು ಬಿಗ್ ಬಾಸ್ ಗೆದ್ದಾಗ ಭಾಷಣ ಇನ್ನೂ ಉದ್ದವಾಯಿತು. ಕೇಳುವವರು ಕಮ್ಮಿಯಾದರು.

ದೊಡ್ಡವರ ಬೆಂಬಲವೂ ಇತ್ತು ನನಗೆ. ಪ್ಲೇಟೊನ ‘ರಿಪಬ್ಲಿಕ್’ನಲ್ಲಿ ಸಾಕ್ರೆಟಿಸ್, ಕುಡಿತದ ಕೂಟಕ್ಕೆ ಒಗ್ಗುವ ಅಯೋನಿಯನ್, ಲಿಡಿಯನ್ ಧಾಟಿಗಳು ಆದರ್ಶ ನಗರಕ್ಕೆ ಬೇಡ ಎನ್ನುತ್ತಾನೆ. ಪದಗಳಷ್ಟೇ ಅಲ್ಲ, ಧಾಟಿಯೇ ಬೇಡ!

ಆಮೇಲೆ ಕಡಬದ ಹತ್ತಿರ ಚಿಕ್ಕಮ್ಮನ ಮಗನ ಮದರಂಗಿ. ಚಿಕ್ಕಪ್ಪ ತೀರಿಹೋಗಿ ಆಗ ಆರು ವರ್ಷ. ಅಡಿಕೆ ಮಾರಿದ ದುಡ್ಡು ಪೇಟೆಯಿಂದ ಮನೆಗೆ ಬರುವಷ್ಟರಲ್ಲಿ ಅರ್ಧ ಆಗುತ್ತಿದ್ದ ಮನೆ ಅದು. ಬಿಸಿ ಗಂಜಿಯ ಪಾತ್ರೆ ಒಮ್ಮೆ ಅಂಗಳಕ್ಕೆ ಹಾರಿ ಬಿದ್ದದ್ದನ್ನು ನಾನೇ ನೋಡಿದ್ದೇನೆ. ಅದೇ ಅಂಗಳದಲ್ಲಿ ಈಗ ಚಪ್ಪರ, ಬಣ್ಣದ ಲೈಟು, ಡಿಜೆ. ಒಂಬತ್ತೂವರೆ ಹೊತ್ತಿಗೆ ‘ತ್ರೀ ಪೆಗ್’ ಬಂತು. ಮಕ್ಕಳ ನಡುವೆ ಸೆರಗು ಸಿಕ್ಕಿಸಿಕೊಂಡು ಕುಣಿಯುತ್ತಿದ್ದವರು ಚಿಕ್ಕಮ್ಮ.

ನನಗೆ ತಡೆಯಲಾಗಲಿಲ್ಲ. ಡಿಜೆ ಹುಡುಗನ ಹತ್ತಿರ ಹೋಗಿ "ಬೇರೆ ಹಾಕು ಮಾರಾಯ" ಅಂದೆ. ಹಾಡು ಅರ್ಧಕ್ಕೆ ನಿಂತಿತು. ಎತ್ತಿದ ಕೈ ಹಾಗೇ ಇಟ್ಟುಕೊಂಡು ಚಿಕ್ಕಮ್ಮ ನನ್ನ ಕಡೆ ನೋಡಿದರು.

ರಾತ್ರಿ ಅಡುಗೆಮನೆಯಲ್ಲಿ ಚಾ ಕೊಡುವಾಗ ಅವರೇ ಕೇಳಿದರು, "ಎಂತಕ್ಕೆ ನಿಲ್ಲಿಸಿದ್ದು?"

"ಆ ಹಾಡು ಎಂತದ್ದು ಅಂತ ಗೊತ್ತುಂಟಾ ಚಿಕ್ಕಮ್ಮ?"

"ಗೊತ್ತಿಲ್ಲದೆ ಎಂತ? ಬರೀ ಮೂರು ಪೆಗ್ಗಲ್ವಾ, ನಿನ್ನ ಚಿಕ್ಕಪ್ಪನಿಗೆ ಅದು ಎಲ್ಲಿಗೆ ಸಾಕಿತ್ತು!" ಅಂತ ನಕ್ಕರು. ಸ್ವಲ್ಪ ಹೊತ್ತು ಬಿಟ್ಟು, "ಮೊದಲೆಲ್ಲ ಕತ್ತಲಾದ ಮೇಲೆ ಅಂಗಳದಲ್ಲಿ ಸದ್ದಾದ್ರೆ ಹೊಟ್ಟೆ ನಡುಗ್ತಿತ್ತು. ಇವತ್ತು ಕುಣಿದೆ. ಅದಕ್ಕೂ ನಿನ್ನ ಪರ್ಮಿಶನ್ ಬೇಕಾ?"

ನಾನು ಚಾ ಕುಡಿದೆ.

ಇಷ್ಟು ವರ್ಷ ಯಾರ ಪರವಾಗಿ ಭಾಷಣ ಮಾಡುತ್ತಿದ್ದೆನೋ ಅವರ ಕಾಲನ್ನೇ ನಿಲ್ಲಿಸಿಬಿಟ್ಟಿದ್ದೆ. ನೊಂದವರಿಗೆ ಈ ಹಾಡಿನಿಂದ ನೋವಾಗುತ್ತದೆ ಅಂತ ಅವರನ್ನು ಕೇಳದೆಯೇ ತೀರ್ಮಾನಿಸಿದ್ದೆ. ಹಾಡಿನ ಅರ್ಥ ಪದಗಳಲ್ಲಷ್ಟೇ ಇದ್ದಿದ್ದರೆ ನನ್ನ ಲೆಕ್ಕ ಸರಿ. ಆದರೆ ಚಿಕ್ಕಮ್ಮ ಕುಣಿದದ್ದು ಪದಕ್ಕಲ್ಲ; ಹೆದರಿಕೆ ಇಲ್ಲದೆ ಸದ್ದು ಮಾಡಬಹುದಾದ ಒಂದು ರಾತ್ರಿಗೆ.

ಹಾಗಂತ ಪ್ಲೇಟೊನನ್ನು ಪೂರ್ತಿ ಬಿಟ್ಟುಕೊಡಲೂ ಮನಸ್ಸಿಲ್ಲ. ಅದೇ ಹಾಡಿಗೆ ಕೊಟ್ಟಿಗೆಯ ಹಿಂದೆ ಬಾಟಲಿ ಇಟ್ಟುಕೊಂಡಿದ್ದ ಗಂಡಸರೂ ಕುಣಿದರು. ಅಲ್ಲೇ ಇದ್ದ ಎಂಟು ವರ್ಷದ ಹುಡುಗನಿಗೆ ಪೂರ್ತಿ ಹಾಡು ಬಾಯಿಪಾಠ. ಅವನು ಏನು ಕಲಿಯುತ್ತಿದ್ದಾನೆ ಅಂತ ನನಗೆ ಈಗಲೂ ಚಿಂತೆಯೇ.

ಎರಡು ದಿನ ಬಿಟ್ಟು ಸುಳ್ಯದಲ್ಲಿ ಹುಡುಗಿ ಕಡೆಯವರ ಔತಣ. ಅಲ್ಲೂ ಅದೇ ಹಾಡು ಬಂತು. ನಾನು ಎದ್ದು ಹೋಗಲಿಲ್ಲ, ಕುಣಿಯಲೂ ಇಲ್ಲ. ಚಿಕ್ಕಮ್ಮ ದೂರದಿಂದ ಕೈ ಬೀಸಿ ಕರೆಯುತ್ತಿದ್ದರು.