ಕಾಣದ ಹಾಳೆ

1984ರ ಜನವರಿಯಲ್ಲಿ ಬಂದ ಮೊದಲ ಮ್ಯಾಕಿಂಟಾಷ್‌ಗೆ ಇದ್ದ ಮೆಮೊರಿ 128 ಕೆ. ಇವತ್ತಿನ ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಕೂಡ ಅದರಲ್ಲಿ ಹಿಡಿಸುವುದಿಲ್ಲ. ತೆರೆಯ ಮೇಲಿನ 512 × 342 ಕಪ್ಪು–ಬಿಳುಪು ಚುಕ್ಕಿಗಳಿಗೇ ಸುಮಾರು 21 ಕೆ ಹೋಗುತ್ತಿತ್ತು. ಮಿಕ್ಕಿದ್ದರಲ್ಲಿ ಸಿಸ್ಟಂ, ಪ್ರೋಗ್ರಾಂ, ಬಳಸುವವರ ಚಿತ್ರ ಎಲ್ಲವೂ ಹೊಂದಿಕೊಳ್ಳಬೇಕು. ಇಷ್ಟು ಇಕ್ಕಟ್ಟಿನಲ್ಲಿ ಪ್ರೋಗ್ರಾಮರ್ ಬಿಲ್ ಅಟ್ಕಿನ್ಸನ್ ತಮ್ಮ ಚಿತ್ರ ಬರೆಯುವ ಪ್ರೋಗ್ರಾಂ ಮ್ಯಾಕ್‌ಪೇಂಟ್‌ಗಾಗಿ, ಯಾರ ಕಣ್ಣಿಗೂ ಬೀಳದ ಎರಡು ಹಾಳೆಗಳನ್ನು ಮೆಮೊರಿಯಲ್ಲಿ ಮೀಸಲಿಟ್ಟರು. ಚಿತ್ರ ಬರೆಯುವ ಕಿಟಕಿಯಷ್ಟೇ ಅಳತೆ, 416 × 240 ಚುಕ್ಕಿ. ಒಂದೊಂದಕ್ಕೂ 12 ಕೆ. ಲೆಕ್ಕ ಹಾಕುವವರಿಗೆ ಇದು ದುಂದು. ನನಗಂತೂ ಆ ಪ್ರೋಗ್ರಾಮಿನ ದೊಡ್ಡತನವೆಲ್ಲ ಈ ಖರ್ಚಿನಲ್ಲೇ ಇದೆ ಅನಿಸುತ್ತದೆ.

ಒಂದು ಆಕೃತಿಯನ್ನು ಮೌಸಿನಲ್ಲಿ ಹಿಡಿದು ಎಳೆಯುತ್ತಿದ್ದೀರಿ ಎನ್ನಿ. ಅದು ಕೂದಲೆಳೆಯಷ್ಟು ಸರಿದಾಗಲೂ ಹಳೆಯ ಜಾಗ ಅಳಿಸಬೇಕು, ಅಡಿಯಲ್ಲಿದ್ದದ್ದನ್ನು ಮತ್ತೆ ತುಂಬಬೇಕು, ಹೊಸ ಜಾಗದಲ್ಲಿ ಬರೆಯಬೇಕು. ಇದೆಲ್ಲ ತೆರೆಯ ಮೇಲೇ ನಡೆದರೆ, ಸೆಕೆಂಡಿಗೆ ಅರವತ್ತು ಸಲ ಹೊಸದಾಗಿ ಮೂಡುವ ಆ ತೆರೆ ಅಳಿಸಿದ ಗಳಿಗೆಯನ್ನೂ ತೋರಿಸಿಬಿಡುತ್ತದೆ. ಚಿತ್ರ ಮಿಣುಕುತ್ತದೆ. ಅಟ್ಕಿನ್ಸನ್ ಅಳಿಸುವುದು, ತುಂಬುವುದು, ಬರೆಯುವುದು ಮೂರನ್ನೂ ಕಾಣದ ಹಾಳೆಯಲ್ಲಿ ಮುಗಿಸಿ, ಸಿದ್ಧವಾದದ್ದನ್ನು ಒಂದೇ ಏಟಿಗೆ ತೆರೆಗೆ ಇಳಿಸಿದರು. ಯಕ್ಷಗಾನದ ವೇಷ ಚೌಕಿಯಲ್ಲಿ ಪೂರ್ತಿ ಕಟ್ಟಿಕೊಂಡೇ ರಂಗಸ್ಥಳಕ್ಕೆ ಬರುವ ಹಾಗೆ.

ಎರಡನೆಯ ಹಾಳೆಯ ಕೆಲಸ ಇನ್ನೂ ಸೊಗಸು. ಕೊನೆಯ ಗೆರೆ ಎಳೆಯುವ ಮುಂಚೆ ಚಿತ್ರ ಹೇಗಿತ್ತೋ ಹಾಗೇ ಅದರಲ್ಲಿ ಉಳಿದಿರುತ್ತಿತ್ತು. ಗೆರೆ ಕೆಟ್ಟಿತೇ? ಹಳೆಯದು ಆ ಕ್ಷಣವೇ ವಾಪಸ್ಸು. ಕಾಗದದ ಮೇಲೆ ಶಾಯಿ ಹಿಡಿದು ಕೂತವರಿಗೆ ಈ ಭಾಗ್ಯ ಎಂದೂ ಇರಲಿಲ್ಲ. ಹಿಂದೆಂದೂ ಚಿತ್ರ ಬರೆಯದ ಕೈಯೂ ಅಂಜದೆ ಗೀಚಲು ಇದೇ ಸಾಕಾಯಿತು.

ಮಿಣುಕು ಮಾತ್ರ ಅಲ್ಲಿಗೇ ಮುಗಿಯಲಿಲ್ಲ. ಜಾವಾ ಆ್ಯಪ್ಲೆಟ್‌ಗಳನ್ನು ಬರೆದವರಿಗೆ ನೆನಪಿರುತ್ತದೆ: ಕಿಟಕಿ, ಚಿತ್ರಗಳನ್ನು ಬರೆಯುವ ಜಾವಾದ ಹಳೆಯ ಲೈಬ್ರರಿ ಎಡಬ್ಲ್ಯುಟಿಯ ‘ಅಪ್‌ಡೇಟ್’ ಮೊದಲು ಇಡೀ ಜಾಗಕ್ಕೆ ಹಿನ್ನೆಲೆಯ ಬಣ್ಣ ಬಳಿದು, ಆಮೇಲೆ ‘ಪೇಂಟ್’ ಅನ್ನು ಕರೆಯುತ್ತಿತ್ತು. ಓಡುವ ಚೆಂಡು ಮಿಟುಕಿಸುತ್ತಲೇ ಓಡುತ್ತಿತ್ತು. ‘ಕ್ರಿಯೇಟ್ ಇಮೇಜ್’ನಿಂದ ಬೇರೊಂದು ಚಿತ್ರ ಪಡೆದು, ಅದರ ಗ್ರಾಫಿಕ್ಸ್‌ನಲ್ಲಿ ಎಲ್ಲ ಬರೆದು, ಕೊನೆಗೆ ಒಂದೇ ಒಂದು ‘ಡ್ರಾ ಇಮೇಜ್’. ಅಷ್ಟಾದರೆ ಚೆಂಡು ನೆಟ್ಟಗೆ ಓಡುತ್ತಿತ್ತು. ಮುಂದೆ ಜಾವಾದ ಹೊಸ ಲೈಬ್ರರಿ ಸ್ವಿಂಗ್ ಬಂದು ಈ ಕೆಲಸವನ್ನು ತಾನೇ ವಹಿಸಿಕೊಂಡಿತು.

ವಿಂಡೋಸ್ ಎಕ್ಸ್‌ಪಿ ಕಾಲದ ಸೈಬರ್ ಕೆಫೆಗಳಲ್ಲಿ ಕಾಣದ ಹಾಳೆಯ ಕೊರತೆಯನ್ನು ನಾವೆಲ್ಲ ಕಣ್ಣಾರೆ ಕಂಡಿದ್ದೇವೆ. ಹ್ಯಾಂಗ್ ಆದ ಪ್ರೋಗ್ರಾಮಿನ ಮೇಲೆ ಇನ್ನೊಂದು ಕಿಟಕಿ ಎಳೆದರೆ, ಎಳೆದಲ್ಲೆಲ್ಲ ಅದರ ಪಡಿಯಚ್ಚು ಸಾಲುಸಾಲಾಗಿ ಉಳಿದುಬಿಡುತ್ತಿತ್ತು. ಮುಚ್ಚಿದ ಭಾಗ ತೆರೆದುಕೊಂಡಾಗ ಅದನ್ನು ಮತ್ತೆ ಬರೆಯಬೇಕಾದದ್ದು ಅಡಿಯ ಪ್ರೋಗ್ರಾಂ. ಅದೇ ಅಲುಗದೆ ಕೂತಿದ್ದರೆ ಬರೆಯುವವರು ಯಾರು? 2001ರ ಮ್ಯಾಕ್ ಓಎಸ್ ಟೆನ್‌ನಲ್ಲಿ, ಆಮೇಲೆ 2007ರ ವಿಂಡೋಸ್ ವಿಸ್ತಾದ ಏರೋದಲ್ಲಿ, ಪ್ರತಿ ಕಿಟಕಿಗೂ ತನ್ನದೇ ಕಾಣದ ಹಾಳೆ ಸಿಕ್ಕಿತು. ಎಲ್ಲವನ್ನೂ ಜೋಡಿಸಿ ತೆರೆಗೆ ತರುವ ಹೊಣೆ ಸಿಸ್ಟಮ್ಮಿನದಾಯಿತು.

ಅಟ್ಕಿನ್ಸನ್ 2025ರ ಜೂನ್‌ನಲ್ಲಿ ತೀರಿಕೊಂಡರು. ಪ್ಯಾಸ್ಕಲ್ ಮತ್ತು ಅಸೆಂಬ್ಲಿಯಲ್ಲಿರುವ ಮ್ಯಾಕ್‌ಪೇಂಟ್‌ನ ಸೋರ್ಸ್ ಕೋಡನ್ನು ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ 2010ರಲ್ಲೇ ಎಲ್ಲರಿಗೂ ಓದಲು ತೆರೆದಿಟ್ಟಿದೆ. ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಗ್ರಾಫಿಕ್ಸ್ ಲ್ಯಾಬ್‌ಗಳಲ್ಲಿ ಓಪನ್‌ಜಿಎಲ್ ಕಲಿಯುವ ಮಕ್ಕಳು ಇದೇ ಕಾಣದ ಹಾಳೆಯನ್ನು ಕೇಳುವ ‘ಗ್ಲಟ್ ಡಬಲ್’, ಅದನ್ನು ತೆರೆಗೆ ತರುವ ‘ಸ್ವಾಪ್ ಬಫರ್ಸ್’ ಎಂಬ ಸಾಲುಗಳನ್ನು ಹಿಂದಿನ ಬ್ಯಾಚಿನ ರೆಕಾರ್ಡ್ ನೋಡಿ ಇಳಿಸಿಕೊಳ್ಳುವುದೇ ಹೆಚ್ಚು. ಅವು ಯಾಕೆ ಅಲ್ಲಿವೆ ಎಂದು ಮೇಷ್ಟ್ರು ಬೋರ್ಡಿನ ಮೇಲೆ ವಿವರಿಸಿದರೆ ಸಾಲದು. ಡಬಲ್ ತೆಗೆದು ಸಿಂಗಲ್ ಮಾಡಿಸಲಿ, ಸ್ವಾಪ್ ಜಾಗದಲ್ಲಿ ಬರೀ ‘ಫ್ಲಶ್’ ಬರೆಸಲಿ, ಲ್ಯಾಬಿನಲ್ಲಿ ತಿರುಗಿಸುವ ಬಣ್ಣದ ಕ್ಯೂಬನ್ನು ಮಕ್ಕಳು ಒಂದು ನಿಮಿಷ ನೋಡಲಿ.