ಮೂರು ದಿನದ ಕೂಲಿ ಲೆಕ್ಕ

ಮುಷ್ಕರವೆಂದರೆ ಬಲವಂತ, ಬಲವಂತವೆಂದರೆ ಹಿಂಸೆಯೇ ಎನ್ನುವವರಿದ್ದಾರೆ. 1918ರ ಅಹಮದಾಬಾದಿನಲ್ಲಿ ಈ ಮಾತಿಗೆ ನಿಜವಾದ ಪರೀಕ್ಷೆ ನಡೆಯಿತು. ಪ್ಲೇಗ್ ಕಾಲದ ಬೋನಸ್ ನಿಂತಾಗ ಗಿರಣಿ ಕಾರ್ಮಿಕರು ಕೂಲಿಯಲ್ಲಿ ಶೇ. 35ರ ಏರಿಕೆ ಕೇಳಿದರು. ಮಾಲೀಕರು 20ಕ್ಕೆ ನಿಂತರು. ಮಾಲೀಕರ ಮುಂದಾಳು ಅಂಬಾಲಾಲ್ ಸಾರಾಭಾಯಿ, ಕಾರ್ಮಿಕರ ಪಕ್ಕದಲ್ಲಿ ಅವರ ಅಕ್ಕ ಅನಸೂಯಾ. ಸಾಬರಮತಿ ದಂಡೆಯ ಜಾಲಿಮರದಡಿ ದಿನವೂ ಸಭೆ ಸೇರುತ್ತಿತ್ತು. 35 ಸಿಗುವವರೆಗೆ ಕೆಲಸಕ್ಕೆ ಮರಳೆವೆಂಬ ಕಾರ್ಮಿಕರ ಪಣ ಹಸಿವಿಗೆ ಸಡಿಲವಾಗತೊಡಗಿದಾಗ, ಅವರನ್ನು ಮುನ್ನಡೆಸುತ್ತಿದ್ದ ಗಾಂಧೀಜಿ ಉಪವಾಸ ಕೂತರು.

ಅದು ಕಾರ್ಮಿಕರ ಪ್ರತಿಜ್ಞೆ ಉಳಿಸಲು ಕೈಗೊಂಡ ಉಪವಾಸ. ಆದರೂ ತಮ್ಮ ಮೇಲಿನ ಪ್ರೀತಿಯಿಂದ ಮಾಲೀಕರು ಒತ್ತಡಕ್ಕೆ ಸಿಕ್ಕಿದರೆಂದು, ಅದು ದೋಷವೆಂದು ಗಾಂಧೀಜಿಯೇ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. ಈ ಪ್ರಾಮಾಣಿಕತೆ ದೊಡ್ಡದು. ಆದರೆ ಅವರ ಈ ತೀರ್ಪು ಅರ್ಧ ಮಾತ್ರ ಸರಿ ಎಂಬುದು ನನ್ನ ಅನಿಸಿಕೆ. ಮಾಲೀಕರು ಗಿರಣಿಗೆ ಬೀಗ ಹಾಕಿದ ದಿನವೇ ಒತ್ತಡ ಶುರುವಾಗಿತ್ತು. ಒಂಟಿ ಕೂಲಿಯವನು ಮಾಲೀಕನೆದುರು ನಿಂತಾಗ ಅವನ ಮನೆಯ ಖಾಲಿ ಮಡಕೆ ಮಾಲೀಕನ ಪರವಾಗಿಯೇ ವಾದಿಸುತ್ತದೆ. ಕಾರ್ಮಿಕ ಸಂಘ ಹೊಸ ಬಲವಂತ ತರುವುದಿಲ್ಲ, ಇರುವ ಬಲವಂತವನ್ನು ಸರಿದೂಗಿಸುತ್ತದೆ. ಸಮ ನೆಲದ ಮೇಲೆ ಮಾತ್ರ ಮಾತುಕತೆ ಸಾಧ್ಯ. ಹಾಗಾದರೆ ಸಂಘವೂ ದಬ್ಬಾಳಿಕೆ ಮಾಡಲಾರದೇ? ಖಂಡಿತ ಮಾಡಬಲ್ಲದು. ಅದಕ್ಕೇ ಮೂರನೆಯವನ ತೀರ್ಪಿಗೆ ತಲೆಬಾಗುವ ಸಿದ್ಧತೆ ಇರಬೇಕು.

ರಾಜಿಯಿಂದ ಸತ್ಯ ಸವೆಯುತ್ತದೆಂಬ ಆಕ್ಷೇಪಕ್ಕೆ ಒಪ್ಪಂದದ ಲೆಕ್ಕವೇ ಉತ್ತರ: ಕಾರ್ಮಿಕರ ಪಣಕ್ಕಾಗಿ ಮೊದಲ ದಿನ 35, ಮಾಲೀಕರ ಪಣಕ್ಕಾಗಿ ಎರಡನೇ ದಿನ 20, ಮೂರನೇ ದಿನದಿಂದ ಪಂಚರ ತೀರ್ಪಿನವರೆಗೆ 27.5. ನಗು ತರಿಸುವ ಲೆಕ್ಕವೇ ಸರಿ, ಆದರೆ ಯಾರ ಮಾತೂ ಸುಳ್ಳಾಗಲಿಲ್ಲ. ಪಂಚರಾದ ಆನಂದಶಂಕರ ಧ್ರುವ ಕೊನೆಗೆ ಕೊಡಿಸಿದ್ದು ಶೇ. 35.